ಹೊರಡುವ ತಾರೀಕು

ಮನೆಗೆ ಬಂದ ನೆಂಟರನ್ನು ‘ಯಾವಾಗ ಹೊರಡ್ತೀರಿ?’ ಎಂದು ಮುಖಕ್ಕೇ ಕೇಳಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಮ್ಮ ವಂಶದಲ್ಲೇ ಆ ಧೈರ್ಯವಿಲ್ಲ. ನಾನು ಚಿಕ್ಕವನಿದ್ದಾಗ ದಾವಣಗೆರೆಯ ನಮ್ಮ ಮನೆಗೆ ದೂರದ ದೊಡ್ಡಪ್ಪನೊಬ್ಬ ಕನ್ನಡಕ ಮಾಡಿಸಲೆಂದು ಬಂದವನು, ಅದರ ಪವರ್ ಬದಲಾಗುವವರೆಗೂ ಇದ್ದ. ಅಪ್ಪ ದಿನಾ ಬೆಳಿಗ್ಗೆ, ‘ಈಗ ಕಣ್ಣು ಚೆನ್ನಾಗಿ ಕಾಣ್ತದೇನಣ್ಣಾ?’ ಎಂದು ಕೇಳುತ್ತಿದ್ದರು. ಅದಕ್ಕಿಂತ ಗಟ್ಟಿಯಾಗಿ ಕೇಳುವುದು ಅವರಿಂದ ಆಗಲಿಲ್ಲ. ದೊಡ್ಡಪ್ಪನಿಗೆ ಎಲ್ಲವೂ ಕಾಣುತ್ತಿತ್ತು, ಅಪ್ಪನ ಮುಖವೊಂದನ್ನು ಬಿಟ್ಟು. ಇಂಥ ತಂದೆಯ ಮಗ ರಜೆಯ ಮನೆಯನ್ನು ಬಾಡಿಗೆಗೆ ಕೊಡುವ ವೆಬ್‌ಸೈಟ್ ಮಾಡಲು ಹೊರಟ ಕತೆಯನ್ನು ಕೇಳಿ.

ಮನೆಯೆಂದರೆ ದೊಡ್ಡದೇನಲ್ಲ. ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಾನು, ನಿವೃತ್ತಿಯಾದ ಮೇಲೆ ಇರೋಣವೆಂದು ಬೂದಿಕೋಟೆ ರಸ್ತೆಯಲ್ಲಿ ಕೊಂಡ ಎರಡು ಕೋಣೆ, ಒಂದು ಜಗಲಿ. ಎದುರಿಗೆ ಬಂಡೆಗುಡ್ಡ, ಹಿಂದೆ ಮಾವಿನ ಮರಗಳು. ನನ್ನ ಹೆಂಡತಿ ಸುಧಾ ಅದನ್ನು ಶನಿವಾರ ಭಾನುವಾರ ಸುತ್ತಾಡಲು ಬರುವವರಿಗೆ ಕೊಡತೊಡಗಿದಳು. ಜನರನ್ನು ಕಳಿಸುತ್ತಿದ್ದ ಆ್ಯಪ್‌ನವರು ತಮ್ಮ ಪಾಲು ಹಿಡಿದುಕೊಂಡ ಮೇಲೆ ಉಳಿದದ್ದು ಹಾಸಿಗೆ ಬಟ್ಟೆ ಒಗೆಸಲು ಸರಿಹೋಗುತ್ತಿತ್ತು. ಅಷ್ಟರಲ್ಲಿ ಟೊಮೆಟೊ ಮಂಡಿಯವನೊಬ್ಬ ಖಾಲಿ ಕ್ರೇಟು ಪೇರಿಸಿಡಲು ಆ ಮನೆಯನ್ನು ಕೇಳಿದ. ನನಗಂತೂ ಹಿಡಿಸಿತು. ಕ್ರೇಟುಗಳು ಬಿಸಿನೀರು ಬರುತ್ತಿಲ್ಲವೆಂದು ಫೋನ್ ಮಾಡುವುದಿಲ್ಲ. ಆದರೆ ಆ ಮನೆಗೆ ಪರದೆ ಹೊಲಿದವಳು, ಅಂಗಳದಲ್ಲಿ ಮಲ್ಲಿಗೆ ನೆಟ್ಟವಳು ಸುಧಾ. ಅವಳ ಮುಖ ಚಿಕ್ಕದಾಯಿತು. ಕೊನೆಗೆ ಒಂದು ರಾಜಿಯಾಯಿತು. ಆ್ಯಪ್ ಬಿಟ್ಟು ನಮ್ಮದೇ ವೆಬ್‌ಸೈಟ್ ಮಾಡುವುದು. ಈ ಬೇಸಿಗೆ ರಜೆಯಲ್ಲಿ ಅದರಿಂದ ಜನ ಬಂದರೆ ಮನೆ ಅವಳ ಅತಿಥಿಗಳಿಗೆ, ಇಲ್ಲದಿದ್ದರೆ ಟೊಮೆಟೊಗೆ.

ಸಿದ್ಧ ಮಾದರಿ ಇರುತ್ತದೆ, ಖಾಲಿ ಜಾಗ ತುಂಬಿದರಾಯಿತು ಎಂದು ವೀಡಿಯೊದಲ್ಲಿ ಒಬ್ಬಾತ ನಗುನಗುತ್ತಾ ಹೇಳಿಕೊಟ್ಟ. ಅವನಿಗೆ ನನ್ನ ಸ್ವಭಾವ ಗೊತ್ತಿರಲಿಲ್ಲ. ಒಮ್ಮೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಬಂಗಾರಪೇಟೆ ಸ್ಟೇಷನ್ನಿನಿಂದ ಮನೆಗೆ ವಾಪಸು ಬಂದವನು ನಾನು. ಬಂದು ನೋಡಿದರೆ ಸಿಲಿಂಡರೇ ಖಾಲಿ. ಇಂಥವನ ಕೈಗೆ ಮನೆಯ ವರ್ಣನೆ ಸಿಕ್ಕಿದರೆ? ಮಾವಿನ ಮರದ ಕೆಳಗೆ ಕುಳಿತಾಗ ತಲೆಯ ಮೇಲೆ ಗಮನವಿರಲಿ, ಗಾಳಿ ಬಂದರೆ ಬಾಗಿಲು ತಾನೇ ಹಾಕಿಕೊಳ್ಳುತ್ತದೆ, ಹೀಗೆ ಪ್ರಾಮಾಣಿಕವಾಗಿ ಬರೆಯುತ್ತಾ ಹೋದೆ. ಸುಧಾ ಓದುತ್ತಾ ಬಂದವಳು ಒಂದು ಸಾಲಿನಲ್ಲಿ ನಿಂತಳು.

“‘ಹಾವು ಸಾಮಾನ್ಯವಾಗಿ ಬರುವುದಿಲ್ಲ.’ ಏನ್ರೀ ಇದು?”

“ಬರಲ್ಲ ಅಂತ ತಾನೆ ಬರ್ದಿರೋದು?”

“ಕೇಳದೇ ಇದ್ದೋರಿಗೆ ಹಾವಿನ ಸಮಾಚಾರ ಯಾಕ್ರೀ? ಅದೂ ‘ಸಾಮಾನ್ಯವಾಗಿ’ ಅಂತ!”

ಹಾವು ಹೋಯಿತು, ಬಾಗಿಲೂ ಹೋಯಿತು. ಉಳಿದದ್ದು ಬುಕಿಂಗ್ ಪುಟ. ಅದನ್ನು ಪರೀಕ್ಷಿಸಲು ಜಗಲಿಯಲ್ಲಿ ಕುಳಿತು ಒಂದೊಂದೇ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೆ. ಹೆಸರು. ಫೋನ್. ಬರುವ ತಾರೀಕು. ಹೊರಡುವ ತಾರೀಕು. ಆ ಮನೆಯನ್ನು ನೋಡಿಕೊಳ್ಳುವ, ಅಡಿಗೆ ಮಾಡಿ ಬಡಿಸುವ ಮುನಿಯಮ್ಮ ಪೊರಕೆ ಹಿಡಿದವಳು ಅಲ್ಲೇ ನಿಂತುಬಿಟ್ಟಳು.

“ಅದೇನ್ ಸಾರ್, ಬಾಗ್ಲಾಗೆ ಕಾಲಿಕ್ಕೋಕ್ ಮುಂಚೇನೇ ಯಾವಾಗ ಓಗ್ತೀಯಾ ಅಂತ ಕೇಳೋದಾ? ನಮ್ಮನೆ ಅಟ್ಟದ ಮೇಲೆ ಬೆಕ್ಕು ಮರಿ ಆಕಿದ್ರೂ ನಾವು ಅಂಗೆ ಕೇಳಲ್ಲ.”

ನನಗೆ ಅಪ್ಪನೇ ಎದುರು ನಿಂತು ಬುದ್ಧಿ ಹೇಳಿದಂತಾಯಿತು. ಯಾವ ಪ್ರಶ್ನೆಯನ್ನೂ ‘ಕಡ್ಡಾಯವಲ್ಲ’ ಎಂದು ಮಾಡುವ ಗುಂಡಿಯೊಂದು ಆ ಮಾದರಿಯಲ್ಲಿತ್ತು. ಒತ್ತಿದೆ. ಇಷ್ಟು ಸಂಸ್ಕಾರವಂತ ವೆಬ್‌ಸೈಟ್ ಬೇರೆಲ್ಲೂ ಇರಲಾರದೆಂದು ಆ ದಿನವಿಡೀ ಬೀಗಿದೆ.

ಮೊದಲ ಬುಕಿಂಗ್ ಬಂದಾಗ ಸುಧಾ ಪಾಯಸ ಮಾಡಿದಳು. ಬಂದವರು ಸ್ಟೆಲ್ಲಾ ಟೀಚರ್ ಮತ್ತು ಅವರ ಯಜಮಾನರು ಆರೋಗ್ಯಸಾಮಿ. ಇಬ್ಬರೂ ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲೇ, ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ. ಗಣಿ ಮುಚ್ಚಿದ ಮೇಲೆ ಚೆನ್ನೈ ಕಡೆ ಹೋಗಿ ನೆಲೆಸಿದವರು. ಹಳೆಯ ಮನೆ, ಚರ್ಚು, ಗೆಳತಿಯರನ್ನೆಲ್ಲ ನೋಡಿಕೊಂಡು ಹೋಗಲು ಬಂದಿದ್ದರು. ಹೊರಡುವ ತಾರೀಕಿನ ಜಾಗವನ್ನು ಅವರು ಖಾಲಿ ಬಿಟ್ಟಿದ್ದರು. ಸಜ್ಜನರು, ಬೇಕಾದಷ್ಟು ದಿನ ಇರಲಿ ಎಂದುಕೊಂಡೆ.

ಸೋಮವಾರ ಬೆಂಗಳೂರಿನಿಂದ ಒಂದು ಫೋನ್ ಬಂತು. “ನಿಮ್ಮ ಸೈಟಲ್ಲಿ ದೀಪಾವಳಿ ಕಳೆದರೂ ಒಂದು ದಿನಾನೂ ಖಾಲಿ ಇಲ್ವಲ್ಲಾ! ಅಷ್ಟು ಚೆನ್ನಾಗಿದೆಯಾ ಜಾಗ?” ಸೈಟ್ ತೆಗೆದು ನೋಡಿದರೆ, ಟೀಚರ್ ಬಂದ ದಿನದಿಂದ ಕ್ಯಾಲೆಂಡರ್ ಪೂರ್ತಿ ಕೆಂಪು. ಹೊರಡುವ ತಾರೀಕು ಇಲ್ಲದವರು ಹೊರಡುವುದೇ ಇಲ್ಲವೆಂದು ಕಂಪ್ಯೂಟರ್ ತಿಳಿದಿತ್ತು. ಫೋನ್ ಮಾಡಿದವರದು ದೊಡ್ಡ ಸಂಸಾರ, ಶನಿವಾರ ಬರುತ್ತಾರಂತೆ, ಹಿಡಿಸಿದರೆ ರಜೆಯುದ್ದಕ್ಕೂ ಬಂಧುಬಳಗವನ್ನೆಲ್ಲ ಕಳಿಸುತ್ತಾರಂತೆ. ಸುಧಾ ನನ್ನ ಕೈಯಿಂದ ಫೋನ್ ತೆಗೆದುಕೊಂಡು “ಬನ್ನಿ” ಎಂದಳು. ಫೋನ್ ಇಟ್ಟು ನನ್ನ ಕಡೆ ತಿರುಗಿದಳು. “ಇವರು ತಪ್ಪಿದ್ರೆ ನನ್ನ ಮನೇಲಿ ಟೊಮೆಟೊ ಕ್ರೇಟೇ. ಹೋಗಿ, ಯಾವಾಗ ಹೊರಡ್ತಾರೆ ಕೇಳ್ಕೊಂಡ್ ಬನ್ನಿ.”

ಹೋದೆ. ಜಗಲಿಯಲ್ಲಿ ಕುಳಿತು ಕಾಫಿ ಕುಡಿದೆ. “ಬಂಗಾರಪೇಟೆಯಿಂದ ಚೆನ್ನೈಗೆ ಈಗ ರೈಲು ತುಂಬಾ ಅನುಕೂಲ ಅಲ್ವಾ?” ಎಂದು ಪೀಠಿಕೆ ಹಾಕಿದೆ.

“ಆಮಾ ಸಾರ್, ಎಷ್ಟೊತ್ತಿಗೆ ಬೇಕಾದ್ರೂ ಸಿಕ್ತದೆ,” ಎಂದರು ಆರೋಗ್ಯಸಾಮಿ. ನಿಟ್ಟುಸಿರಿನಂಥದ್ದೇನೋ ಕೇಳಿಸಿತು; ತೃಪ್ತಿಯ ನಿಟ್ಟುಸಿರು ಎಂದುಕೊಂಡೆ. ಎದ್ದು ಚಪ್ಪಲಿ ಮೆಟ್ಟುವಾಗ ನನ್ನ ಬಾಯಿ ನನ್ನನ್ನು ಕೇಳದೆಯೇ, “ಏನೂ ಅವಸರ ಇಲ್ಲ, ಇನ್ನೂ ಎರಡು ದಿನ ಆರಾಮಾಗಿ ಇದ್ದು ಹೋಗಿ,” ಎಂದುಬಿಟ್ಟಿತು.

“ಕಳಿಸಿ ಬನ್ನಿ ಅಂದ್ರೆ ಇಟ್ಕೊಂಡ್ ಬಂದ್ರಾ?” ಎಂದಳು ಸುಧಾ. ಆ ವಾರ ನಾನು ಮತ್ತೆ ಹೋದೆ. ಮತ್ತೆ ಕಾಫಿ ಕುಡಿದೆ. ಹೆಚ್ಚು ಹೇಳುವುದಿಲ್ಲ.

ಗುರುವಾರ ಸುಧಾಳೇ ಹೊರಟಳು, ನಾನು ಹಿಂದೆ. ಅವಳು ಬಾಯಿ ತೆರೆಯುವ ಮೊದಲೇ ಸ್ಟೆಲ್ಲಾ ಟೀಚರ್ ಅವಳ ಎರಡೂ ಕೈ ಹಿಡಿದುಕೊಂಡರು. “ಅಮ್ಮಾ, ತಪ್ಪು ತಿಳ್ಕೋಬೇಡಿ. ನಾವು ಊರಿಗೆ ಹೋಗ್ಲಾ?”

ಸುಧಾ ತಿರುಗಿ ನನ್ನ ಮುಖ ನೋಡಿದಳು.

“ಬ್ಯಾಗ್ ಕಟ್ಟಿ ಎಷ್ಟೋ ದಿನ ಆಯ್ತಮ್ಮ. ಬೆಳಿಗ್ಗೆ ಎದ್ರೆ ಮುನಿಯಮ್ಮ, ‘ಬಸ್ಸಾರು ಮಾಡ್ತಿದೀನಿ, ನಾಳೆ ಓಗೀರಂತೆ’ ಅಂತಾರೆ. ಸಾಯಂಕಾಲ ಸಾರ್ ಬಂದು ಇನ್ನೂ ಎರಡು ದಿನ ಇರಿ ಅಂತಾರೆ. ನಿಮ್ಮ ವೆಬ್‌ಸೈಟೇ ಯಾವಾಗ ಹೋಗ್ತೀರಿ ಅಂತ ಕೇಳ್ಲಿಲ್ಲ. ಇಷ್ಟು ಮರ್ಯಾದೆ ಮಾಡೋವ್ರ ಹತ್ರ ಹೋಗ್ತೀವಿ ಅಂತ ಹೆಂಗೆ ಹೇಳೋದು?”

“ಪೇತಿ ಬರ್ತ್‌ಡೇ ಫೋನಲ್ಲೇ ಮುಗೀತು ಸಾರ್,” ಎಂದರು ಆರೋಗ್ಯಸಾಮಿ ಮೆಲ್ಲಗೆ. ಪೇತಿ ಎಂದರೆ ಮೊಮ್ಮಗಳು.

ಎಲ್ಲರೂ ಮುನಿಯಮ್ಮನನ್ನು ನೋಡಿದೆವು. ಅವಳು ಜಗ್ಗಲಿಲ್ಲ. “ಬ್ಯಾಗ್ ಎತ್ಕಂಡೋರ್ನ ಇರಿ ಅನ್ನಬೇಕು ಅಕ್ಕ, ಅದು ಮನೆಯೋರ ಧರ್ಮ. ಎರಡು ಸಲ ಬ್ಯಾಡ ಅಂದು ಓಗಬೇಕು, ಅದು ಬಂದೋರ ಧರ್ಮ. ಇವ್ರು ಒಂದ್ ಸಲ ಅನ್ನೋದ್ರೊಳಗೆ ಬ್ಯಾಗ್ ಕೆಳಗಿಕ್ಬಿಟ್ರೆ ನಾನೇನ್ ಮಾಡ್ಲಿ?”

ಶುಕ್ರವಾರ ಅವರನ್ನು ಬಂಗಾರಪೇಟೆಯಲ್ಲಿ ರೈಲು ಹತ್ತಿಸಿದೆ. ಕಿಟಕಿಯ ಸರಳು ಹಿಡಿದು “ಬರ್ತೀವಿ ಸಾರ್” ಎಂದರು. “ಇನ್ನೊಂದು ದಿನ” ಎಂದು ಹೊರಟ ಮಾತನ್ನು ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ತಡೆದೆ. ಶನಿವಾರ ಬೆಂಗಳೂರಿನವರು ಬಂದರು, ಮಕ್ಕಳು ಬಂಡೆ ಹತ್ತಿದರು, ಬಂಧುಬಳಗವೂ ಬರತೊಡಗಿತು. ಮಂಡಿಯವನು ಬೇರೆ ಮನೆ ನೋಡಿಕೊಂಡ. ಸುಧಾ ಪರದೆಗಳನ್ನು ಇಸ್ತ್ರಿ ಮಾಡಿಸಿದಳು.

ಅವಳ ಅಪ್ಪಣೆಯಂತೆ ಹೊರಡುವ ತಾರೀಕನ್ನು ಮತ್ತೆ ಕಡ್ಡಾಯ ಮಾಡಿದೆ. ಸರಿಯಾಗಿದೆಯೋ ಇಲ್ಲವೋ ಎಂಬ ಚಿಂತೆ ಹತ್ತಿತು. ಅತಿಥಿಗಳಿಲ್ಲದ ಒಂದು ದಿನ ಅದೇ ಜಗಲಿಯಲ್ಲಿ ಕುಳಿತು ನನ್ನ ಹೆಸರನ್ನೇ ಹಾಕಿದೆ. ಬರುವ ತಾರೀಕು ಸಲೀಸಾಗಿ ಹೋಯಿತು. ಹೊರಡುವ ತಾರೀಕಿನಲ್ಲಿ ಬೆರಳು ನಿಂತಿತು. ದಾವಣಗೆರೆ ಬಿಟ್ಟು ಈ ಊರಿಗೆ ಕೆಲಸಕ್ಕೆ ಬಂದಾಗ ನಾನು, ಸ್ವಲ್ಪ ದಿನ ನೋಡಿ ವಾಪಸು ಹೋಗುವುದು ಎಂದುಕೊಂಡಿದ್ದೆ. ಇಷ್ಟು ವರ್ಷ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಈ ಊರಿನವರು ನನ್ನನ್ನು ಊಟವಾಯಿತಾ ಎಂದು ಕೇಳಿದ್ದಾರೆ. ಯಾವಾಗ ಹೊರಡುತ್ತೀಯಾ ಎಂದು ಒಬ್ಬರೂ ಕೇಳಿಲ್ಲ. ಈಗ ನಾನೇ ಮಾಡಿದ ವೆಬ್‌ಸೈಟ್ ಕೆಂಪಕ್ಷರದಲ್ಲಿ ಹೇಳುತ್ತಿತ್ತು: ಈ ಜಾಗ ಖಾಲಿ ಬಿಡುವಂತಿಲ್ಲ.

“ಏನ್ ಸಾರ್ ಅಂಗ್ ನೋಡ್ತಿದೀರಿ?” ಎಂದಳು ಮುನಿಯಮ್ಮ.

“ಯಾವಾಗ ಹೋಗ್ತೀಯಾ ಅಂತ ಕೇಳ್ತಿದೆ.”

“ನಿಮ್ಮನ್ನ ಕೇಳೋಕೆ ಅದ್ಯಾವೋನು? ಮುಚ್ಚಿ ಅದನ್ನ. ಮುದ್ದೆ ಆಗೈತೆ, ಉಂಡ್ಕಂಡು ಓಗೀರಂತೆ.”

ಅವಳ ಧರ್ಮಕ್ಕೆ ಸರಿಯಾಗಿ, “ಬೇಡ ಮುನಿಯಮ್ಮ, ಹೊತ್ತಾಯ್ತು,” ಎಂದೆ. ಎರಡನೆಯ ಸಲ ಹೇಳುವುದು ನಮ್ಮ ವಂಶದಲ್ಲಿಲ್ಲ. ಕೈ ತೊಳೆದು ಕುಳಿತೆ.