ಎರಡು ಡಯಲ್ಲಿನ, ಒಂದೇ ಹಂತದ ರೆಗ್ಯುಲೇಟರ್ ಸಾಹೇಬರಿಗೆ

ಮಾನ್ಯರೇ,

ಬಬಲೇಶ್ವರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ಶೈಲಶ್ರೀ ಎಂಬ ನಾನು, ನಮ್ಮ ಪಡಸಾಲೆಯ ಅಕ್ವೇರಿಯಂನಲ್ಲಿ ಅಳಿದುಳಿದ ಮೀನುಗಳ ಪರವಾಗಿ ತಮಗೆ ತಲೆಬಾಗಿ ವಂದಿಸಿ ಈ ದೂರನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ಕಾಣಲಿಲ್ಲ. ಆ ಭಾನುವಾರ ನಮ್ಮ ಮನೆಯಲ್ಲಿ ಕೂದಲು ಕೊಂಕದೆ ಉಳಿದವರು ತಾವೊಬ್ಬರೇ.

ತಾವು ನಮ್ಮ ಮನೆ ತುಂಬಿದ ಬಗೆಯನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ. ನನ್ನ ಗಾಜಿನ ತೊಟ್ಟಿಯಲ್ಲಿ ಮೀನಿಗಿಂತ ಗಿಡಗಳಿಗೇ ಮರ್ಯಾದೆ ಹೆಚ್ಚು. ನೀರಿನ ತಳದಲ್ಲಿ ಹುಲ್ಲುಹಾಸು, ಹಿಂದೆ ಕೆಂಪೆಲೆಯ ಗಿಡ, ನಡುವೆ ಒಂದು ಕಟ್ಟಿಗೆಯ ಬೊಡ್ಡೆ. ಇದನ್ನು ಮೊದಲ ಸಲ ನೋಡಿದ ನಮ್ಮ ಅತ್ತೆ ಕಾಳವ್ವನವರು ಗಾಜಿಗೆ ಮೂಗು ಹಚ್ಚಿ, "ಮೇವು ಚಲೋ ಐತಿ, ಆದ್ರ ಎಮ್ಮಿ ಬಾಯಿ ಇದರಾಗ ಹಿಡಿಯಾಂಗಿಲ್ಲ" ಎಂದು ಮನಸಾರೆ ಮರುಗಿದ್ದರು. ಆದರೆ ಆ ಮೇವೂ ಬರಬರುತ್ತ ಹಳದಿಯಾಗಿ, ಅದರ ಮೇಲೆಲ್ಲ ಪಾಚಿ ಕಟ್ಟಿತು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಮೀನಿನ ಅಂಗಡಿ ಇಟ್ಟಿರುವ ಯಾಕೂಬ ಅವರನ್ನು ಕೇಳಿದಾಗ, ನೀರೊಳಗಿನ ಗಿಡಕ್ಕೂ ಇಂಗಾಲದ ಗ್ಯಾಸ್ ಬೇಕು, ಅದು ಸೋಡಾ ಅಂಗಡಿಯವರು ಬಳಸುವಂಥ ಸಿಲಿಂಡರಿನಲ್ಲಿ ಸಿಗುತ್ತದೆ, ಆದರೆ ಅಲ್ಲಿ ಅದು ಭಾರೀ ಒತ್ತಡದಲ್ಲಿ ಕೂತಿರುತ್ತದೆ, ಅದರ ಸಿಟ್ಟಿಳಿಸಿ ಒಂದೊಂದೇ ಗುಳ್ಳೆಯಾಗಿ ನೀರಿಗೆ ಬಿಡಲು ಒಬ್ಬ ರೆಗ್ಯುಲೇಟರ್ ಬೇಕು ಎಂದು ತಿಳಿಸಿದರು. ಹೀಗೆ ತಮ್ಮ ಹೆಸರು ನಮ್ಮ ಕಿವಿಗೆ ಬಿತ್ತು.

ಇಲ್ಲಿ ನಮ್ಮ ಮನೆಯವರ ಪರಿಚಯ ಅವಶ್ಯ. ಅವರು ಬಬಲೇಶ್ವರದಲ್ಲಿ ಹನಿ ನೀರಾವರಿಯ ಪೈಪು, ವಾಲ್ವು ಮಾರುವವರು. ಸಾರವಾಡದಿಂದ ಜೈನಾಪುರದವರೆಗೆ ಯಾರ ಹೊಲದಲ್ಲಿ ವಾಲ್ವು ಸೋರಿದರೂ ಇವರಿಗೆ ಊಟ ರುಚಿಸುವುದಿಲ್ಲ. "ಸೋವಿ ಸಾಮಾನ ಒಯ್ಯಬ್ಯಾಡ್ರಿ, ಆಮ್ಯಾಲ ಅಳಕೋತ ಬರಬ್ಯಾಡ್ರಿ" ಎಂದು ಅಗ್ಗದ ಮಾಲಿನ ವಿರುದ್ಧ ರೈತರಿಗೆ ಅವರು ಕೊಡುವ ಉಪದೇಶವನ್ನು ಓಣಿಯ ಮಕ್ಕಳೂ ಬಾಯಿಪಾಠ ಮಾಡಿವೆ. ಈ ಉಪದೇಶ ಮಾರುವಾಗಷ್ಟೇ, ಕೊಳ್ಳುವಾಗ ಲಾಗೂ ಆಗುವುದಿಲ್ಲ ಎಂಬುದು ನನಗೆ ಯಾಕೂಬ ಅವರ ಅಂಗಡಿಯಲ್ಲಿ ತಿಳಿಯಿತು.

ಯಾಕೂಬ ಅವರು ಮೇಜಿನ ಮೇಲೆ ಇಬ್ಬರನ್ನು ಇಟ್ಟರು. ಒಬ್ಬರು ಕಪ್ಪಗೆ, ತೂಕವಾಗಿ, ಬೆಲೆಯಲ್ಲೂ ಭಾರವಾಗಿದ್ದ ಎರಡು ಹಂತದವರು. ಇನ್ನೊಬ್ಬರು ಬಂಗಾರದ ಬಣ್ಣದ, ದುಂಡು ಮುಖದ, ಒಂದೇ ಹಂತದ ತಾವು. ಎರಡು ಹಂತದವರು ಒತ್ತಡವನ್ನು ಒಳಗೆ ಎರಡು ಸಲ ಇಳಿಸುತ್ತಾರೆ, ಸಿಲಿಂಡರ್ ಖಾಲಿಯಾಗುವ ಹೊತ್ತಿಗೂ ಅವರ ಕೈ ನಡುಗುವುದಿಲ್ಲ. ಒಂದು ಹಂತದವರು ಕೊನೆಗೆ ಒಮ್ಮೆಲೇ ಗ್ಯಾಸ್ ಬಿಟ್ಟುಬಿಡಬಹುದು, ಮೀನಿಗೆ ಅದು ಒಳ್ಳೆಯದಲ್ಲ ಎಂದು ಯಾಕೂಬ ಅವರು ಬಿಡಿಸಿ ಹೇಳಿದರು. ನಾನು ಕಪ್ಪನೆಯವರೇ ಇರಲಿ ಎಂದೆ. ನಮ್ಮ ಮನೆಯವರು ತಮ್ಮನ್ನು ಎತ್ತಿಕೊಂಡು, ಮದುವೆಗೆ ಗಂಡು ನೋಡುವವರಂತೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದಕ್ಕೂ ಎರಡು ಡಯಲ್, ಅದಕ್ಕೂ ಎರಡು ಡಯಲ್. ಎರಡು ಡಯಲ್ ಅಂದ್ರ ಎರಡು ಹಂತನ. ವಾಲ್ವಿನ ಮಾತು ನನಗ ಬಿಡು."

ಡಯಲ್ ಬರೀ ತೋರಿಸುತ್ತದೆ, ಹಂತ ಹೊಟ್ಟೆಯೊಳಗಿರುತ್ತದೆ ಎಂದು ಯಾಕೂಬ ಅವರು ಹೇಳುವಷ್ಟರಲ್ಲಿ ತಾವು ನಮ್ಮ ಚೀಲದೊಳಗಿದ್ದಿರಿ.

ತಮ್ಮ ಸೇವೆಯಲ್ಲಿ ಮೊದಮೊದಲು ಕುಂದೇನೂ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದು ನ್ಯಾಯ. ತಮ್ಮ ಮೈಗಂಟಿದ ವಾಲ್ವು ಕರೆಂಟಿನಿಂದ ತೆರೆಯುವಂಥದ್ದಾದ್ದರಿಂದ, ಕರೆಂಟು ಹೋದರೆ ತಾವೂ ಕೆಲಸ ನಿಲ್ಲಿಸುತ್ತಿದ್ದಿರಿ. ನಮ್ಮೂರಿನಲ್ಲಿ ಈ ನಿಯಮ ಪಾಲಿಸುವವರಿಗೆ ಎಷ್ಟು ವಿಶ್ರಾಂತಿ ದೊರೆಯುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಗಿಡಗಳು ಹಸಿರಾದವು, ಎಲೆಯಿಂದ ಮುತ್ತಿನಂಥ ಗುಳ್ಳೆಗಳು ಏಳತೊಡಗಿದವು. ಶಾಲೆಯಿಂದ ಬಂದು ಅದರ ಮುಂದೆ ಕೂತರೆ ಇಡೀ ದಿನದ ಗದ್ದಲ ನನ್ನ ತಲೆಯಿಂದ ಇಳಿಯುತ್ತಿತ್ತು. ತಿಂಗಳುಗಟ್ಟಲೆ ತಮ್ಮ ದೊಡ್ಡ ಡಯಲ್ಲಿನ ಮುಳ್ಳು ಅಲುಗಲೇ ಇಲ್ಲ. ನಮ್ಮ ಮನೆಯವರು ಬಂದವರಿಗೆಲ್ಲ ಅದನ್ನು ತೋರಿಸಿ, ತಾವು ಗ್ಯಾಸನ್ನು ಖರ್ಚೇ ಮಾಡದೆ ಗಿಡ ಬೆಳೆಸುತ್ತೀರೆಂದು ಹೊಗಳಿದರು. ಸಿಲಿಂಡರಿನೊಳಗೆ ಒತ್ತಡಕ್ಕೆ ದ್ರವವಾಗಿ ಕೂತ ಗ್ಯಾಸ್ ತೀರುವವರೆಗೆ ಮುಳ್ಳು ಇಳಿಯುವುದಿಲ್ಲ, ಇಳಿಯತೊಡಗಿದರೆ ಕೊನೆ ಬಂತೆಂದೇ ಅರ್ಥ ಎಂಬುದನ್ನು ತಾವಾಗಿ ತಿಳಿಸುವ ಸಣ್ಣತನ ತಮ್ಮಲ್ಲಿರಲಿಲ್ಲ.

ಕೊನೆಗೊಮ್ಮೆ ಮುಳ್ಳು ಇಳಿಯಿತು. ಸಿಲಿಂಡರ್ ಬದಲಿಸೋಣ ಎಂದು ನಾನಂದರೆ, ಇನ್ನೂ ಇದೆ, ಪೂರ್ತಿ ತೀರಲಿ ಎಂದು ಅವರಂದರು.

ಆ ಭಾನುವಾರ ಅವರು ತಿಕೋಟಾದ ದ್ರಾಕ್ಷಿ ತೋಟವೊಂದಕ್ಕೆ ಪೈಪು ಜೋಡಿಸಿ ಬಂದು ಊಟಕ್ಕೆ ಕೂತಿದ್ದರು. ಜೈನಾಪುರದ ರೈತ ಅಮೋಘಸಿದ್ದ ವಾಲ್ವು ಕೇಳಿಕೊಂಡು ಬಂದು ಪಡಸಾಲೆಯಲ್ಲಿದ್ದ. "ಅಕ್ಕಾರ, ನಿಮ್ಮ ನೀರು ಕುದಿಯಾಕತ್ತೈತ್ರಿ" ಎಂದು ಅವನು ಕೂಗಿದ. ಓಡಿ ಬಂದು ನೋಡಿದರೆ, ಒಂದೊಂದೇ ಗುಳ್ಳೆ ಬಿಡಬೇಕಾದ ತಾವು ಇದ್ದಬದ್ದದ್ದನ್ನೆಲ್ಲ ಒಮ್ಮೆಗೇ ದಾನ ಮಾಡುತ್ತಿದ್ದಿರಿ. ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿಗೆ ಹಾತೊರೆಯುತ್ತಿದ್ದವು. ನಾನು ಸಿಲಿಂಡರಿನ ವಾಲ್ವು ತಿರುವಿ ನಿಲ್ಲಿಸಿದೆ. ಅಷ್ಟರಲ್ಲಿ ನಮ್ಮ ಮನೆಯವರು ಎಂಜಲು ಕೈಯಲ್ಲೇ ಮನೆಗೆ ಹೊಂದಿಕೊಂಡ ಅಂಗಡಿಗೆ ಹಾರಿ, ನೀರಿಗೆ ಗಾಳಿ ಹೊಡೆಯುತ್ತೇನೆಂದು ಸ್ಪ್ರೇ ಪಂಪೊಂದನ್ನು ಹೆಗಲಿಗೇರಿಸಿಕೊಂಡು ಬಂದರು. ಅದು ಯಾರೋ ರಿಪೇರಿಗೆ ಬಿಟ್ಟು ಹೋದ ಪಂಪು.

ನಾನು ತೊಟ್ಟಿಗೆ ಅಡ್ಡ ನಿಂತೆ. "ಅದರಾಗ ದ್ರಾಕ್ಷಿಗೆ ಔಷಧ ಹೊಡದಾರ. ಕೆಳಗ ಇಡ್ರಿ."

ಮದುವೆಯಾದಂದಿನಿಂದ ಅವರು ನನ್ನ ಮಾತನ್ನು ಮರುಮಾತಿಲ್ಲದೆ ಕೇಳಿದ್ದು ಅದೇ ಮೊದಲು. ಆಮೇಲೆ ನಾನು, ಅವರು, ಅಮೋಘಸಿದ್ದ, ಮೂವರೂ ತಂಬಿಗೆ ಹಿಡಿದು ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಮೇಲಿಂದ ಸುರಿದೆವು, ಗ್ಯಾಸ್ ಹಾರಿ ಗಾಳಿ ಬೆರೆಯಲೆಂದು. ಅತ್ತೆಯವರು ಬೀಸಣಿಗೆ ತಂದು ಬೀಸಿದರು, ಮೀನಿಗೋ ಮಗನಿಗೋ ತಿಳಿಯದು. ಸಂಜೆಯಾಗುವ ಹೊತ್ತಿಗೆ ಮೀನುಗಳು ಒಂದೊಂದಾಗಿ ಕೆಳಗಿಳಿದು ಗಿಡಗಳ ನಡುವೆ ಸೇರಿಕೊಂಡವು. ನನ್ನ ಜೋಡಿ ಏಂಜೆಲ್ ಮೀನು ಮಾತ್ರ ಇಳಿಯಲಿಲ್ಲ.

ಅವೆರಡನ್ನೂ ನಮ್ಮ ಮನೆಯವರೇ ಹಿತ್ತಲಿನ ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿ, ಕೈ ತೊಳೆದು ಬಂದರು. ಆಮೇಲೆ ನನ್ನ ಕಡೆ ನೋಡದೆ, "ನಾಳೆ ಯಾಕೂಬನ ಅಂಗಡಿಗೆ ಹೋಗೂಣು. ನೀ ಹೇಳಿದ್ದನ್ನ ತರೂಣು" ಎಂದರು. ನಮ್ಮ ಮನೆಯಲ್ಲಿ ಕ್ಷಮೆ ಕೇಳುವ ಪದ್ಧತಿ ಇದಕ್ಕಿಂತ ಮುಂದೆ ಹೋದದ್ದಿಲ್ಲ. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು, ಅದೂ ಎರಡು ಹಂತದಲ್ಲಿ.

ಈಗ ಕಪ್ಪನೆಯವರು ಕೆಲಸದಲ್ಲಿದ್ದಾರೆ. ತಾವು ನಮ್ಮ ಅಂಗಡಿಯ ಕಪಾಟಿನಲ್ಲಿ ಬಂಗಾರದಂತೆ ಹೊಳೆಯುತ್ತ ಕೂತಿದ್ದೀರಿ. ಬಂದ ರೈತರಿಗೆಲ್ಲ ತಮ್ಮನ್ನು ತೋರಿಸಿ, ಡಯಲ್ ನೋಡಿ ಮೋಸ ಹೋಗಬಾರದು, ಹಂತ ಹೊಟ್ಟೆಯೊಳಗಿರುತ್ತದೆ, ಇದು ಎಲ್ಲರಿಗೂ ತಿಳಿಯುವ ವಿಷಯವಲ್ಲ ಎಂದು ನಮ್ಮ ಮನೆಯವರು ಪಾಠ ಹೇಳುತ್ತಿದ್ದಾರೆ. ಆದ್ದರಿಂದ ತಮ್ಮಲ್ಲಿ ಎರಡೇ ಬೇಡಿಕೆ. ತಾವು ಒಮ್ಮೆ ಹಿತ್ತಲಿಗೆ ದಯಮಾಡಿಸಿ ಆ ಜೋಡಿ ಮೀನಿನ ಮುಂದೆ ತಪ್ಪಾಯಿತೆಂದು ಹೇಳಬೇಕು. ತರುವಾಯ, ಅಂಗಡಿಯಲ್ಲಿ ಹೇಗೂ ಬಿಡುವಾಗಿರುವುದರಿಂದ, ನಮ್ಮ ಮನೆಯವರ ಉಪದೇಶವು ನಿಮಿಷಕ್ಕೆ ಒಂದು ಗುಳ್ಳೆಗಿಂತ ಹೆಚ್ಚು ಹೊರಬೀಳದಂತೆ ನೋಡಿಕೊಳ್ಳಬೇಕು. ಒಂದು ಹಂತದವರಿಂದ ಇದು ಆಗದ ಕೆಲಸವೆಂದು ಬಲ್ಲೆ. ಆದರೂ ಕೇಳುವುದು ನನ್ನ ಧರ್ಮ.

ಉಳಿದ ಮೀನುಗಳೊಂದಿಗೆ ಉಸಿರಾಡುತ್ತಿರುವ,
ತಮ್ಮ ವಿಶ್ವಾಸಿ,
ಶೈಲಶ್ರೀ

ತಾ.ಕ.: ಈ ಪತ್ರವನ್ನು ನಮ್ಮ ಮನೆಯವರಿಗೆ ಓದಲು ಕೊಟ್ಟಿದ್ದೆ. ಪೂರ್ತಿ ಓದಿ, ಬಹಳ ನಕ್ಕು, ಮಡಚಿ ಕೊಡುತ್ತ, "ಪಾಪ, ಇಂಥಾ ಗಂಡನ ಕೂಡ ಆ ಹೆಣ್ಮಗಳು ಹೆಂಗ ಬಾಳೇವು ಮಾಡ್ತಾಳೋ ಏನೋ" ಎಂದರು.