ಬೆಲ್ಟು ಜಾರಿದ ಐತವಾರ

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಕ್ಲಾರ್ಕ್ ಬಾಲರಾಜ ಆ ಐತವಾರ ಬೆಳಗ್ಗೆ ತನ್ನ ಹಳೆಯ ಕಾರನ್ನು ತಾನೇ ಕೆಡಿಸಿದ. ಬಹಳವೇನಲ್ಲ, ಒಂದು ಹಲ್ಲಿನಷ್ಟು. ಎಂಜಿನ್ನಿನ ಕೆಳಗಿನ ಚಕ್ರವನ್ನೂ ಮೇಲಿನ ಚಕ್ರವನ್ನೂ ಒಂದೇ ಲಯದಲ್ಲಿ ತಿರುಗಿಸುವ ಹಲ್ಲಿನ ಬೆಲ್ಟು ಇರುತ್ತದಲ್ಲ, ಟೈಮಿಂಗ್ ಬೆಲ್ಟು, ಅದನ್ನು ಸಡಿಲಿಸಿ ಮೇಲಿನ ಚಕ್ರದ ಮೇಲೆ ಒಂದು ಹಲ್ಲು ಆಚೆ ಸರಿಸಿ ಮತ್ತೆ ಬಿಗಿದ. ಅಕ್ಕ ಭೀಮವ್ವ ಗುಡಿಯಿಂದ ಬರುವಷ್ಟರಲ್ಲಿ ಕೈ ತೊಳೆದುಕೊಂಡು ಪೇಪರ್ ಓದುತ್ತ ಕೂತಿದ್ದ. ಪೇಪರು ಹಿಂದಿನ ವಾರದ್ದಾಗಿತ್ತು.

ಮಧ್ಯಾಹ್ನ ಸುರಪುರದ ಬೀರೇಶ ಎಂಬವನು ಕಾರು ಕೊಳ್ಳಲು ಬರುವವನಿದ್ದ. ಕರೆಸಿದವಳು ಭೀಮವ್ವ. ಬಾಲರಾಜನ ಹೆಂಡತಿ ಮಹಾನಂದಾ ತೀರಿಕೊಂಡ ಮೇಲೆ ತಮ್ಮನ ಮನೆ ನೋಡಿಕೊಳ್ಳಲೆಂದು ಬಳಿಚಕ್ರ ಎಂಬ ಊರಿನಿಂದ ಬಂದಿದ್ದವಳು. ತಮ್ಮ ದಿನಾ ಸಂಜೆ ಆಫೀಸಿನಿಂದ ಬಂದವನೇ, ನಿಂತ ಕಾರಿನಲ್ಲಿ ಕೂತು, ಖಾಲಿ ಎಡ ಸೀಟಿನೊಂದಿಗೆ ಮಾತಾಡುವುದನ್ನು ಕಿಟಕಿಯಿಂದ ನೋಡಿ ನೋಡಿ ಸೋತಿದ್ದಳು.

"ಹೋದಾಕಿ ಹೋದ್ಳು ತಮ್ಮಾ. ಈ ತಗಡಿನ ಡಬ್ಬಿಯೊಳಗ ಎಷ್ಟು ದಿನಾ ಕುಂಡ್ರತಿ? ಕೊಟ್ಟು ಬಿಡು. ಆ ಜಾಗಾದಾಗ ನಾ ಎರಡು ಆಡು ಕಟ್ಟತೀನಿ."

ಅಕ್ಕನೆದುರು 'ಬ್ಯಾಡ' ಎಂಬ ಶಬ್ದವನ್ನು ಬಾಲರಾಜ ಹುಟ್ಟಿದಾಗಿನಿಂದ ಆಡಿದವನಲ್ಲ. ಕೆಟ್ಟ ಗಾಡಿಯನ್ನು ಯಾರೂ ಕೊಳ್ಳುವುದಿಲ್ಲ ಎಂಬುದೊಂದೇ ಅವನಿಗೆ ಹೊಳೆದ ದಾರಿ.

ಚಹಾ ಕುಡಿದು ಭೀಮವ್ವ ಹೇಳಿದಳು: "ಒಮ್ಮೆ ಚಾಲೂ ಮಾಡಿ ನೋಡು. ಬಂದವ್ರ ಮುಂದ ಮಾನ ಹೋಗಬಾರದು."

ಬಾಲರಾಜ ಕೀಲಿ ತಿರುಗಿಸಿದ. ಕಾರು ಬಹಳ ಹೊತ್ತು ಗೊಣಗಿ, ಕೊನೆಗೆ ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತ ಚಾಲೂ ಆಯಿತು. ಸೈಲೆನ್ಸರಿನಿಂದ ಫಟ್ ಎಂದು ಸದ್ದು ಬಂದದ್ದೇ ತಡ, ಪಕ್ಕದ ಕ್ವಾರ್ಟರ್ಸಿನ ಶಾಂತಕುಮಾರ ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದ. ಅವನು ಕಾರು ಕಂಡದ್ದು ಕಡಿಮೆ, ಮೊಬೈಲಿನಲ್ಲಿ ಕಾರು ರಿಪೇರಿಯ ವಿಡಿಯೋ ಕಂಡದ್ದು ಬಹಳ.

"ಪ್ಲಗ್ ಹೋಗ್ಯಾವ್ರೀ! ನೂರಕ್ಕ ನೂರು ಪ್ಲಗ್!"

ಬೇಡ ಬೇಡ ಎನ್ನುತ್ತಿದ್ದರೂ ಪ್ಲಗ್ಗುಗಳನ್ನು ಬಿಚ್ಚಿ, ಬಾಲರಾಜನ ಹಲ್ಲುಜ್ಜುವ ಬ್ರಶ್ಶಿನಿಂದಲೇ ತಿಕ್ಕಿ ಹಾಕಿದ. ನಡುಕ ನಿಲ್ಲಲಿಲ್ಲ. ಪೆಟ್ರೋಲಿನ ಪೈಪಿಗೆ ಬಾಯಿಟ್ಟು ಊದಿದ, ಕೆಮ್ಮಿದ. ಕಾರೂ ಕೆಮ್ಮಿತು. ಎದುರು ಮನೆಯ ಗೌಹರಬೇಗಂ ಗೇಟಿನ ಬಳಿ ನಿಂತು ನೋಡಿ, "ಗಂಡ ಹೆಂಡ್ತಿ ಐತವಾರಕ್ಕೊಮ್ಮೆ ನಾರಾಯಣಪುರ ಡ್ಯಾಮಿಗೆ ಹೊಂಟ್ರ ಇಡೀ ಕ್ಯಾಂಪ್ ನೋಡ್ತಿತ್ತು. ನಜರ್ ಆಗ್ಯಾದ" ಎಂದು ನಿಂಬೆಹಣ್ಣು ತಂದು ಟೈರಿನಡಿ ಇಟ್ಟಳು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಶಾಂತಕುಮಾರ ಶಹಾಪುರದ ಮಿಸ್ತ್ರಿ ಲಾಡ್ಲೇಸಾಬನಿಗೆ ಫೋನ್ ಮಾಡಿಬಿಟ್ಟ. ಆ ಕಾರಿಗೆ ಹಿಂದೆ ಬೆಲ್ಟು ಹಾಕಿದವನೇ ಲಾಡ್ಲೇಸಾಬ. ಆಗ ಬಾಲರಾಜ ಪಕ್ಕದಲ್ಲಿ ನಿಂತು ನೋಡಿಯೇ ಈ ವಿದ್ಯೆ ಕಲಿತಿದ್ದು.

ಲಾಡ್ಲೇಸಾಬ ಬಂದು, ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳಿದ. ಬಂದ್ ಮಾಡಿಸಿ ಮುಚ್ಚಳ ತೆಗೆದ. ಕೆಳಗಿನ ಚಕ್ರವನ್ನು ನಟ್ಟು ಬಿಚ್ಚುವ ಪಾನದಿಂದ ತಿರುಗಿಸಿ ಅದರ ಗುರುತನ್ನು ಸರಿಯಾಗಿ ನಿಲ್ಲಿಸಿದ. ಆಗ ಮೇಲಿನ ಚಕ್ರದ ಚುಕ್ಕೆಯೂ ತನ್ನ ಗೆರೆಗೆ ಎದುರಾಗಬೇಕಿತ್ತು. ಆಗಲಿಲ್ಲ, ಒಂದು ಹಲ್ಲು ಆಚೆ ನಿಂತಿತು. ಶಾಂತಕುಮಾರನನ್ನು ನೀರು ತರಲು ಒಳಗೆ ಕಳಿಸಿ, ಅವನು ಮೆಲ್ಲಗೆ ಕೇಳಿದ:

"ಬಾಲರಾಜಪ್ಪ, ಬೆಲ್ಟ್ ತಾನಾಗೇ ಜಾರಿದ್ರ ಬೋಲ್ಟಿನ ಮ್ಯಾಲ ಪಾನಾದ ಹೊಸಾ ಗೀರು ಎಲ್ಲಿಂದ ಬಂತ್ರಿ?"

ಬಾಲರಾಜನ ಕಣ್ಣು ತುಂಬಿತು. ಬಾಯಿಯಿಂದ ಬಂದದ್ದು ಇಷ್ಟೇ: "ಆಕಿ ಕುಂಡ್ರತಿದ್ಳು ಸಾಬ್ರ, ಇದರಾಗ."

ಲಾಡ್ಲೇಸಾಬ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಭೀಮವ್ವ ಹೊರಗೆ ಬಂದಾಗ ಎಲ್ಲರಿಗೂ ಕೇಳುವಂತೆ ಹೇಳಿದ: "ಅವ್ವಾರ, ಎಂಜಿನ್ ಸತ್ತದ್ರಿ. ರಿಪೇರಿ ಆಗಂಗಿಲ್ಲ. ಯಾರರೆ ತೊಗೋತೀನಿ ಅಂದ್ರ ಅವರಿಗೆ ತಲಿ ಕೆಟ್ಟದಂತ ತಿಳೀರಿ." ಹೇಳಿ, ಯಾದಗಿರಿಗೆ ಕೆಲಸವಿದೆ ಎಂದು ಸಿಕ್ಕ ಬಸ್ಸು ಹತ್ತಿ ಹೋದ. ಎಷ್ಟೋ ತಿಂಗಳ ನಂತರ ಬಾಲರಾಜನಿಗೆ ಮೊದಲ ಸಲ ಹಸಿವೆಯಾಯಿತು. ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಊಟ ಮುಗಿಯುವಾಗ ಬೀರೇಶ ಬಂದ. ಕಾರು ಕೊಳ್ಳುವವನು ಟ್ರ್ಯಾಕ್ಟರ್ ಯಾಕೆ ತಂದಿದ್ದಾನೆಂದು ಯಾರಿಗೂ ತಿಳಿಯಲಿಲ್ಲ. ಬಾಲರಾಜ ಉತ್ಸಾಹದಿಂದ ಎದ್ದು ಕೈ ಮುಗಿದ.

"ಸುಮ್ನ ತ್ರಾಸ್ ಕೊಟ್ವಿ ನಿಮಗ. ಎಂಜಿನ್ ಪೂರಾ ಸತ್ತದಂತ ಮಿಸ್ತ್ರಿನೇ ಹೇಳ್ಯಾನ."

ಬೀರೇಶನ ಮುಖ ಅರಳಿತು. "ಖರೇನು? ಭಾಳ ಚಲೋ ಆತ್ ಬಿಡ್ರಿ! ನಿಂತ ಗಾಡಿ ಅಂತ ಕೇಳೇ ಎಳಕೊಂಡು ಹೋಗಾಕ ಟ್ರ್ಯಾಕ್ಟರ್ ತಂದೀನಿ. ನಂದು ಮಿರ್ಚಿ ಭಜಿ ಅಂಗಡಿ. ಎಂಜಿನ್ ಕಿತ್ತು ಅಲ್ಲಿ ಒಲಿ ಇಡ್ತೀನಿ. ಬಾನೆಟ್ ಎತ್ತಿದ್ರ ಕಡಾಯಿ! ಸುರಪುರದ ಮಂದಿ ನಿಂತು ನೋಡಬೇಕು. ಓಡೋ ಗಾಡಿ ಆಗಿದ್ರ ನಾ ಮುಟ್ಟತಿದ್ದಿಲ್ರಿ. ಜೀವಂತ ಎಂಜಿನ್ ಕೀಳಬ್ಯಾಡ ಅಂತ ನಮ್ಮವ್ವ ಆಣಿ ಹಾಕ್ಯಾಳ."

ಬಾಲರಾಜ ಓಡಿ ಹೋಗಿ ಕಾರಿಗೆ ಅಡ್ಡ ನಿಂತ. ಅಲ್ಲೇ, ಎಲ್ಲರೆದುರು, ಬೆಳಗಿನಿಂದ ಮಾಡಿದ್ದನ್ನೆಲ್ಲ ಹೇಳಿಬಿಟ್ಟ. ಭೀಮವ್ವ ತಮ್ಮನ ಮುಖವನ್ನೇ ನೋಡಿದಳು.

"ಬ್ಯಾಡ ಅಕ್ಕಾ ಅಂತ ಒಂದು ಮಾತು ಅಂದಿದ್ರ ನಾ ಇವನ್ನ ಕರಸ್ತಿದ್ದಿಲ್ಲಲ್ಲೋ! ಈಗ ಮಾತು ಕೊಟ್ಟೀನಿ. ಗಾಡಿ ಓಡಿಸಿ ತೋರಿಸು, ನಾನೇ ಕೈ ಮುಗದು ಇವನ್ನ ಕಳಸ್ತೀನಿ."

"ಓಡಿದ್ರ ನಾ ಹಂಗೇ ಹೊಳ್ಳಿ ಹೋಗ್ತೀನ್ರೀ," ಎಂದ ಬೀರೇಶ.

ಬೆಳಗಿನ ಆ ನಡುಕದಲ್ಲಿ ಗಾಡಿ ಗೇಟೂ ದಾಟುವಂತಿರಲಿಲ್ಲ, ಬೆಲ್ಟು ಮೊದಲಿನ ಹಲ್ಲಿಗೆ ಬರಲೇಬೇಕಿತ್ತು. ಲಾಡ್ಲೇಸಾಬನ ಫೋನು ಹತ್ತಲಿಲ್ಲ. ಬಾಲರಾಜ ತಾನೇ ಪಾನ ಹಿಡಿದ. ಬೆಳಗ್ಗೆ ನಿಧಾನವಾಗಿ ಮಾಡಿದ್ದನ್ನು ಈಗ ಎಲ್ಲರೆದುರು ಅವಸರದಲ್ಲಿ ಮಾಡಬೇಕಿತ್ತು. ಬೆಲ್ಟು ಸಡಿಲಾದದ್ದೇ ಮೇಲಿನ ಚಕ್ರ ಸರಕ್ಕನೆ ತಾನಾಗಿ ತಿರುಗಿತು. ಅವನು ಗಾಬರಿಯಾಗಿ ಬೆಲ್ಟನ್ನು ಹೇಗೋ ಏರಿಸಿ, ಬಿಗಿದು, ಗುರುತು ಹುಡುಕಲು ಬಾಗಿದ.

"ಆತಲ್ಲ! ನಾ ಚಾಲೂ ಮಾಡ್ತೀನಿ!" ಶಾಂತಕುಮಾರ ಆಗಲೇ ಸೀಟಿನಲ್ಲಿ ಕೂತಿದ್ದ.

"ತಡೀ!" ಎನ್ನುವುದರೊಳಗೆ ಕೀಲಿ ತಿರುಗಿತು. ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಕಟಕ್, ಕಟಕ್. ಆಮೇಲೆ ಏನೂ ಇಲ್ಲ. ಬೆಲ್ಟು ಗುರುತು ತಪ್ಪಿ ಕೂತಿದ್ದರಿಂದ ವಾಲ್ವುಗಳೆಲ್ಲ ಪಿಸ್ಟನ್ನಿಗೆ ಬಡಿದು ಬಾಗಿದ್ದವು. ಲಾಡ್ಲೇಸಾಬ ಕರುಣೆಯಿಂದ ಹೇಳಿದ ಸುಳ್ಳು ಈಗ ನಿಜವಾಗಿತ್ತು.

ಶಾಂತಕುಮಾರ ಸದ್ದಿಲ್ಲದೆ ಇಳಿದು ಮನೆಗೆ ಹೋದ. ಬೀರೇಶ ಹಗ್ಗ ಕಟ್ಟಿದ. ಎಳೆಯುವ ಗಾಡಿಗೆ ಸ್ಟೇರಿಂಗ್ ಹಿಡಿಯಲು ಒಬ್ಬರು ಬೇಕು. ಕ್ಯಾಂಪಿನಲ್ಲಿ ಆ ಕಾರಿನ ಸ್ಟೇರಿಂಗ್ ಬಲ್ಲವನು ಒಬ್ಬನೇ. ಬಾಲರಾಜ ಹತ್ತಿ ಕೂತ. ಭೀಮವ್ವ ಸೆರಗು ಬಾಯಿಗೆ ಹಿಡಿದು ಗೇಟು ತೆಗೆದಳು.

ಟ್ರ್ಯಾಕ್ಟರ್ ಗುಡುಗಿತು, ಹಗ್ಗ ಬಿಗಿಯಿತು, ಕಾರು ಮಾತ್ರ ಅಲುಗಲಿಲ್ಲ. ಬೀರೇಶ ಮತ್ತಷ್ಟು ಎಳೆದ. ಕೊನೆಗೆ ಹಿಂದೆ ತಿರುಗಿ ಕೂಗಿದ:

"ಸಾಹೇಬ್ರ, ಬ್ರೇಕ್ ಮ್ಯಾಲ ಕಾಲಿಟ್ಟೀರೇನು ನೋಡ್ರಿ!"

ಬಾಲರಾಜ ಬಗ್ಗಿ ನೋಡಿದ. ಇಟ್ಟಿದ್ದ. ಖಾಲಿ ಎಡ ಸೀಟನ್ನು ಒಮ್ಮೆ ಸವರಿ, ಕಾಲು ತೆಗೆದ.