ಹದಿಮೂರನೇ ಕೈ

ಹದಿಮೂರು ಸದಸ್ಯರ ಪಂಚಾಯಿತಿಯಲ್ಲಿ ಆರು ಮಂದಿ ಆ ಕಡೆ, ಆರು ಮಂದಿ ಈ ಕಡೆ ಕೂತುಬಿಟ್ಟರೆ ಉಳಿದ ಒಬ್ಬನ ಬಲಗೈಗೆ ಎಂಥ ಮರ್ಯಾದೆ ಬರುತ್ತದೆ ಅನ್ನುವುದು ದರ್ಜಿ ಚಾಂದಸಾಬನಿಗೆ ಗೊತ್ತಾದದ್ದು ಬೆಳಗಾವಿಯ ಕ್ಯಾಂಪ್ ಬಡಾವಣೆಯ ಹಳೇ ಬಂಗಲೆಯೊಂದರಲ್ಲಿ ಎಚ್ಚರವಾದಾಗ. ಹಾಸಿಗೆ ಮೋಡದ ಹಾಗಿತ್ತು. ದೂರದಲ್ಲಿ ಚರ್ಚಿನ ಗಂಟೆ ನೀರೊಳಗಿಂದ ಬಂದಂತೆ ಕೇಳುತ್ತಿತ್ತು. ಬಾಗಿಲಿಗೆ ಮಾತ್ರ ಹೊರಗಿನಿಂದ ಚಿಲಕ.

ವಿರೋಧಿಗಳ ಕೈಗೆ ಸಿಗಬಾರದೆಂದು ಹಿಂದಿನ ರಾತ್ರಿ ಕರೆತಂದು ಚಿಲಕ ಹಾಕಿಸಿದವನು ಪಂಚಾಯಿತಿ ಅಧ್ಯಕ್ಷ ಗುರುಪುತ್ರಪ್ಪ. ಖಾನಾಪುರ ತಾಲೂಕಿನ ಅವರ ಊರಲ್ಲಿ ಅಂದು ಮಧ್ಯಾಹ್ನ ಬಜೆಟ್ ಸಭೆ. ಏಳು ಸಲ ಮುಂದೂಡಿ ಇದು ಎಂಟನೆಯದು. ಇವತ್ತೂ ಪಾಸಾಗದಿದ್ದರೆ ಹಳ್ಳದ ಸೇತುವೆಗೆ ಬಂದ ಅನುದಾನ ವಾಪಸ್ಸು. ಸೇತುವೆ ಬೇಡ ಅಂದವರು ಯಾರೂ ಇಲ್ಲ. ಜಗಳವೆಲ್ಲ ಕೆಲಸ ಯಾವ ದಂಡೆಯಿಂದ ಶುರುವಾಗಬೇಕು, ಅಡಿಗಲ್ಲು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ. ಮೂಡಣ ದಂಡೆಯ ಗುರುಪುತ್ರಪ್ಪ ತನ್ನ ಹೆಸರಿನ ಕಲ್ಲು ಆಗಲೇ ಕೆತ್ತಿಸಿಟ್ಟಿದ್ದ. ಪಡುವಣ ದಂಡೆಯ ವಿರೋಧಿ ಪಂಢರಿನಾಥ ತನ್ನದಕ್ಕೆ ಬಂಗಾರದ ಬಣ್ಣವನ್ನೂ ಹೊಡೆಸಿದ್ದ.

ಚಾಂದಸಾಬನಿಗೆ ಕಲ್ಲು ಬೇಕಿರಲಿಲ್ಲ, ಸೇತುವೆ ಬೇಕಿತ್ತು. ಅವನ ಹೆಂಡತಿ ದಿಲಶಾದ ಹಳ್ಳದಾಚೆಯ ಅಂಗನವಾಡಿಯಲ್ಲಿ ಸಹಾಯಕಿ. ಹೋದ ಮಳೆಗಾಲದಲ್ಲಿ ಹಳ್ಳಕ್ಕೆ ಅಡ್ಡ ಹಾಕಿದ ಕರೆಂಟ್ ಕಂಬದ ಮೇಲಿಂದ ಜಾರಿ ಕೈ ಮುರಿದುಕೊಂಡಿದ್ದಳು. ಈ ಸಲವೂ ಸೇತುವೆ ಆಗದಿದ್ದರೆ ನೌಕರಿ ಬಿಡುತ್ತೇನೆಂದು ಹೇಳಿಬಿಟ್ಟಿದ್ದಳು. ಅಂದಿನಿಂದ ಅವನಿಗೆ ಕಣ್ಣು ಮುಚ್ಚಿದರೂ ತೆರೆದರೂ ಸೇತುವೆಯೇ. ಬೆಳದಿಂಗಳಲ್ಲಿ ಹೊಸ ಬಿಳಿ ಬಟ್ಟೆಯ ಥಾನು ಬಿಚ್ಚಿ ಹಾಸಿದ ಹಾಗೆ ಅದು ಹಳ್ಳದ ಮೇಲೆ ತೇಲುತ್ತಿತ್ತು. ದಿಲಶಾದ ಚಪ್ಪಲಿ ತೋಯದಂತೆ ನಡೆದು ಬರುತ್ತಿದ್ದಳು. ಈ ಗುಂಗಿನಲ್ಲಿ ಗಿರಾಕಿಯೊಬ್ಬನ ಅಂಗಿಗೆ ಮೂರು ತೋಳು ಹಚ್ಚಿದ್ದೂ ಉಂಟು.

ಬೆಳಿಗ್ಗೆ ಗುರುಪುತ್ರಪ್ಪನ ಮಂದಿ ಬೆಳಗಾವಿಯ ಸಿಹಿ ಕುಂದಾ ತಿನ್ನಿಸಿ ಜೀಪು ಹತ್ತಿಸಿದರು. ಖಾನಾಪುರದಲ್ಲಿ ಚಹಾಕ್ಕೆ ಇಳಿದ ಚಾಂದಸಾಬ ಸೇತುವೆಯ ಕಟಾಂಜನಕ್ಕೆ ಯಾವ ಬಣ್ಣ ಒಪ್ಪೀತೆಂದು ಯೋಚಿಸುತ್ತಲೇ ತಿರುಗಿ ಜೀಪು ಹತ್ತಿದ. ಎರಡು ಮೈಲಿ ದಾಟಿದ ಮೇಲೆ ನೋಡಿದರೆ ಸುತ್ತಲಿನ ಮುಖಗಳೆಲ್ಲ ಪಂಢರಿನಾಥನ ಕಡೆಯವು. ಅವರೂ ಕುಂದಾ ತಿನ್ನಿಸಿದರು. ಪಂಚಾಯಿತಿ ಬಾಗಿಲಲ್ಲಿ ಎರಡೂ ಗುಂಪು ಒಂದೊಂದು ತೋಳು ಹಿಡಿದು, ತೊಳೆದ ಚಾದರ ಹಿಂಡುವ ಹಾಗೆ ಅವನನ್ನು ಹಿಂಡಿದವು.

ಗೋಡೆಯ ಮೇಲೆ ಸಂವಿಧಾನದ ಪೀಠಿಕೆ, ಅದರ ಕೆಳಗೆ ಪಿಡಿಒ ಅನುರಾಧಾ ಮೇಡಂ. ಮೂಡಣ ದಂಡೆಗೆ ಆರು ಕೈ, ಪಡುವಣ ದಂಡೆಗೆ ಆರು ಕೈ. ಎಲ್ಲರೂ ಚಾಂದಸಾಬನತ್ತ ತಿರುಗಿದರು. ಅವನ ಹೊಟ್ಟೆಯಲ್ಲಿ ಎರಡು ಪಕ್ಷದ ಕುಂದಾ, ಕಣ್ಣಲ್ಲಿ ಬೆಳದಿಂಗಳು. ನಿದ್ದೆಯಲ್ಲಿ ಮಾತಾಡಿದಂತೆ ಎದ್ದುನಿಂತ.

"ನನಗೊಂದು ಕನಸು ಬೀಳತೈತ್ರಿ. ಈ ದಂಡಿಯಿಂದ ಅಧ್ಯಕ್ಷರು ಕಟ್ಟಕೋತ ಬರ್ತಾರ, ಆ ದಂಡಿಯಿಂದ ಪಂಢರಿನಾಥರು ಕಟ್ಟಕೋತ ಬರ್ತಾರ. ಎರಡೂ ಕಲ್ಲು ನಿಂದ್ರಲಿ. ನಡುವ ಕೂಡೂಣು."

ಎರಡೂ ಕಡೆಯಿಂದ ಚಪ್ಪಾಳೆ. ಹದಿಮೂರು ಕೈ ಒಟ್ಟಿಗೆ ಮೇಲೆದ್ದವು. ಯಾರೋ ಅವನನ್ನು ತಬ್ಬಿಕೊಂಡರು.

ಅಷ್ಟರಲ್ಲಿ ಅನುರಾಧಾ ಮೇಡಂ ನಡುವಿನ ಕಡೇ ಸ್ಲ್ಯಾಬು ಯಾರು ಹಾಕುತ್ತಾರೆ ಎಂದು ಕೇಳಿದಳು.

ಚಪ್ಪಾಳೆ ನಿಂತಿತು. ಕಡೇ ಸ್ಲ್ಯಾಬು ಹಾಕಿದವನೇ ಊರು ಕೂಡಿಸಿದವನಾಗುತ್ತಾನೆ. ಆ ಹೆಸರು ಅವರಿಗೆ ಹೋಗಬಾರದೆಂದು ಇವರು, ಇವರಿಗೆ ಹೋಗಬಾರದೆಂದು ಅವರು. ಒಂದು ತಾಸು ಕುರ್ಚಿಗಳು ಅಲುಗಾಡಿದವು. ಕೊನೆಗೆ ಐದು ವರ್ಷ ಒಬ್ಬರ ಮುಖ ಒಬ್ಬರು ನೋಡದ ಗುರುಪುತ್ರಪ್ಪ, ಪಂಢರಿನಾಥ ಮೂಲೆಗೆ ಹೋಗಿ ಪಿಸುಗುಟ್ಟಿ, ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು. ತಿದ್ದುಪಡಿ ಸರಳವಾಗಿತ್ತು: ಎರಡೂ ಕಡೆಯವರು ನಾಲ್ಕು ನಾಲ್ಕು ಫೂಟು ಮೊದಲೇ ಕೆಲಸ ನಿಲ್ಲಿಸುವುದು. ನಡುವಿನ ಎಂಟು ಫೂಟು ಯಾರೂ ಕಟ್ಟುವಂತಿಲ್ಲ. ಉಳಿದ ದುಡ್ಡಿಗೆ ಎರಡು ಕಮಾನು.

ಹನ್ನೆರಡು ಕೈ ಮೇಲೆದ್ದವು. ವಿರೋಧಕ್ಕೆ ಚಾಂದಸಾಬ ಒಬ್ಬನೇ ಕೈ ಎತ್ತಿದ. ಬೇಕಾದರೆ ಇಳಿಸಬಹುದು ಎಂದು ಮೇಡಂ ಮೆಲ್ಲಗೆ ಹೇಳಿದಳು. ಹನ್ನೆರಡಾದ ಮೇಲೆ ಹದಿಮೂರನೆಯದರಿಂದ ಆಗುವುದೇನೂ ಇರಲಿಲ್ಲ.

ಮನೆಗೆ ಬಿಡಲು ಯಾವ ಜೀಪೂ ನಿಂತಿರಲಿಲ್ಲ. ನಡೆದು ಹಳ್ಳಕ್ಕೆ ಬಂದಾಗ ಸಂಜೆಯ ಮಂಜು ಇಳಿದಿತ್ತು. ಆಚೆ ದಂಡೆಯಲ್ಲಿ ದಿಲಶಾದ ಕೆಲಸ ಮುಗಿಸಿ ನಿಂತಿದ್ದಳು. ಅವನು ಈಚೆ ದಂಡೆಯಿಂದಲೇ ಕೂಗಿ ಸಭೆಯಲ್ಲಿ ನಡೆದದ್ದೆಲ್ಲ ಹೇಳಿದ. ತಾನು ಮಾತ್ರ ವಿರೋಧಿಸಿದೆನೆಂದು ಎರಡು ಸಲ ಹೇಳಿದ.

ಅವಳು ಹಳ್ಳದ ನಡುಭಾಗವನ್ನು ನೋಡಿದಳು.

"ಹಂಗಾದ್ರ ಮಳಿಗಾಲದಾಗ ಆ ಎಂಟು ಫೂಟಿನ್ಯಾಗ ನೀವ ನಿಂದ್ರಿ," ಅಂದಳು. "ನಾ ನಿಮ್ಮ ಹೆಗಲ ಮ್ಯಾಲ ಕಾಲಿಟ್ಟು ದಾಟತೀನಿ."